ಮಗ್‌ನಲ್ಲಿ ಬ್ರಿಟಿಷ್ ಟೀ: ನಾನು ಮಾಡುವ ರೀತಿ

ಮ್ಯಾಂಚೆಸ್ಟರ್‌ನ ಆಫೀಸುಗಳಲ್ಲಿ ಯಾರೂ ಬರೆದಿಡದ ಒಂದು ಕಾನೂನಿದೆ. ಟೀ ಬೇಕು ಅಂತ ಎದ್ದರೆ ಅಕ್ಕಪಕ್ಕದವರನ್ನೆಲ್ಲ ಕೇಳಲೇಬೇಕು. ತನಗೊಂದೇ ಮಗ್ ಮಾಡಿಕೊಂಡು ಬಂದವನನ್ನು ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ! ಹಾಸನದ ಕಾಫಿ ಮನೆಯಿಂದ ಬಂದ ನಾನು ಟೀ ಮಾಡಲು ಕಲಿತದ್ದು ಹೀಗೆ ಬೇರೆಯವರ ಮಗ್ ತುಂಬಿಸುತ್ತಾ. ಒಬ್ಬರಿಗೆ ಕಡುಕಂದು ಬಣ್ಣ ಬರಬೇಕು, ಎರಡು ಚಮಚ ಸಕ್ಕರೆ. ಇನ್ನೊಬ್ಬರಿಗೆ ಹಾಲು ಜಾಸ್ತಿ, ಸಕ್ಕರೆ ಬೇಡವೇ ಬೇಡ. ಕಪಾಟಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಎಲ್ಲರ ಲೆಕ್ಕ ಇರುತ್ತಿತ್ತು.

ಇದನ್ನು ನಮ್ಮ ಟೀ ಜೊತೆ ಹೋಲಿಸಿ 'ಸಪ್ಪೆ' ಅನ್ನಬೇಡಿ. ನಾವು ಪುಡಿಯನ್ನು ಹಾಲು, ನೀರಿನಲ್ಲಿ ಕುದಿಸುತ್ತೇವೆ. ಇವರು ಕುದಿಸುವುದು ನೀರನ್ನು ಮಾತ್ರ. ಹಾಗಾಗಿ ಇಲ್ಲಿ ರುಚಿ ನಿಂತಿರುವುದು ನೀರಿನ ಬಿಸಿ ಮತ್ತು ನೆನೆಯುವ ಹೊತ್ತಿನ ಮೇಲೆ.

ಕೆಟಲ್‌ನಲ್ಲಿ ಉಳಿದ ನೀರು ಚೆಲ್ಲಿ ಹೊಸದು ಹಿಡಿಯುತ್ತೇನೆ. ಸ್ವಿಚ್ ಟಕ್ ಅಂತ ಆಫ್ ಆದ ಕೂಡಲೇ, ಗುಳ್ಳೆ ಅಡಗುವ ಮೊದಲೇ ಮಗ್‌ನಲ್ಲಿಟ್ಟ ಟೀ ಬ್ಯಾಗ್ ಮೇಲೆ ಸುರಿಯುತ್ತೇನೆ. ಆಮೇಲೆ ನಾಲ್ಕು ನಿಮಿಷ ಮುಟ್ಟುವುದಿಲ್ಲ. ತಮಾಷೆ ಅಂದರೆ ಬ್ರಿಟಿಷರಲ್ಲೇ ಎಷ್ಟೋ ಜನ ಇಷ್ಟು ಕಾಯುವುದಿಲ್ಲ. ಅರ್ಧ ನಿಮಿಷಕ್ಕೇ ಚಮಚದಿಂದ ಬ್ಯಾಗನ್ನು ಮಗ್‌ನ ಗೋಡೆಗೆ ಒತ್ತಿ ಹಿಂಡಿಬಿಡುತ್ತಾರೆ. ಬಣ್ಣವೇನೋ ಬರುತ್ತದೆ, ಜೊತೆಗೆ ಒಗರೂ ಬರುತ್ತದೆ. ನಾನು ಹಿಂಡುವುದಿಲ್ಲ. ಎತ್ತಿ, ತೊಟ್ಟಿಕ್ಕಲು ಬಿಟ್ಟು ಎಸೆಯುತ್ತೇನೆ.

ಬ್ಯಾಗ್ ಹೊರಗೆ ಬಂದ ಮೇಲೆಯೇ ಹಾಲು. ಹಸಿರು ಮುಚ್ಚಳದ, ಅರ್ಧ ಕೆನೆ ತೆಗೆದ ಹಾಲನ್ನು ಫ್ರಿಜ್‌ನಿಂದ ನೇರವಾಗಿ, ಎರಡು ಚಮಚದಷ್ಟು. "ಕಾಯಿಸದ ಹಾಲನ್ನ ಹಂಗೇ ಹಾಕ್ತೀಯೇನೋ?" ಅಂತ ಅಮ್ಮ ವಿಡಿಯೋ ಕಾಲ್‌ನಲ್ಲಿ ಮುಖ ಸಿಂಡರಿಸಿದ್ದರು. ಪಾಶ್ಚರೀಕರಿಸಿದ ಹಾಲಮ್ಮ, ಏನೂ ಆಗಲ್ಲ ಅಂದರೂ ಪೂರ್ತಿ ನಂಬಿದಂತೆ ಕಾಣಲಿಲ್ಲ.

ಹಾಲು ಮೊದಲೋ ಟೀ ಮೊದಲೋ ಅನ್ನುವುದು ಇಲ್ಲಿ ಮುಗಿಯದ ಜಗಳ. 2003ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಹಾಲು ಮೊದಲು ಅಂದಿತು. ಬಿಸಿ ಟೀಗೆ ಸ್ವಲ್ಪ ಸ್ವಲ್ಪವೇ ಹಾಲು ಬಿದ್ದರೆ ಅದರ ಪ್ರೋಟೀನ್ 75 ಡಿಗ್ರಿ ದಾಟಿ ಕೆಡುತ್ತದೆ ಅನ್ನುವುದು ಅವರ ಕಾರಣ. ಸರಿ, ಆದರೆ ಅದು ಟೀಪಾಟ್‌ನಲ್ಲಿ ಮಾಡಿ ಕಪ್‌ಗೆ ಬಗ್ಗಿಸುವವರ ಮಾತು. ಮಗ್‌ನಲ್ಲಿ ಬ್ಯಾಗ್ ಇಟ್ಟುಕೊಂಡು ಹಾಲು ಮೊದಲು ಹಾಕಿದರೆ ನೀರಿನ ಬಿಸಿ ಇಳಿಯುತ್ತದೆ, ಟೀ ಬಿಡುವುದೇ ಇಲ್ಲ. ಅಂದಹಾಗೆ, 1980ರಲ್ಲಿ ಟೀ ಮಾಡುವುದಕ್ಕೇ ಒಂದು ಬ್ರಿಟಿಷ್ ಸ್ಟ್ಯಾಂಡರ್ಡ್, ಅಂದರೆ ಅಧಿಕೃತ ಮಾನದಂಡ, ಬಂದಿತ್ತು: 100 ಮಿಲಿ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅದು ರುಚಿ ಪರೀಕ್ಷೆ ಮಾಡುವವರಿಗೆ. ಮನೆಯಲ್ಲಿ ಆರು ನಿಮಿಷ ಬಿಟ್ಟರೆ ನನ್ನ ನಾಲಿಗೆಗೆ ಕಹಿ.

ಇಷ್ಟೆಲ್ಲ ಪಾಲಿಸಿದರೂ ಲಂಡನ್‌ನ ತಮ್ಮನ ಮನೆಯಲ್ಲಿ ನನ್ನ ಟೀ ಬೇರೆಯೇ ಆಗುತ್ತದೆ. ಮ್ಯಾಂಚೆಸ್ಟರ್‌ಗೆ 1894ರಿಂದಲೂ ಲೇಕ್ ಡಿಸ್ಟ್ರಿಕ್ಟ್‌ನ ಥರ್ಲ್‌ಮಿಯರ್ ಜಲಾಶಯದಿಂದ ನೀರು ಬರುತ್ತಿದೆ, ಅದು ಮೆದು ನೀರು. ಲಂಡನ್‌ನದು ಸುಣ್ಣಕಲ್ಲಿನ ಗಡಸು ನೀರು. ಕೆಟಲ್ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಟೀ ಮೇಲೆ ತೆಳು ಕಂದು ಪೊರೆ ತೇಲುತ್ತದೆ, ಚಮಚ ಆಡಿಸಿದರೆ ಬಿರುಕು ಬಿಟ್ಟು ಮಗ್‌ನ ಅಂಚಿಗೆ ಅಂಟಿಕೊಳ್ಳುತ್ತದೆ. ಯಾರ್ಕ್‌ಶೈರ್ ಟೀ ಅನ್ನುವ ಬ್ರ್ಯಾಂಡ್‌ನವರು ಗಡಸು ನೀರಿಗೆಂದೇ ಬೇರೆ ಪುಡಿ ಮಾಡುತ್ತಾರೆ. ಅಲ್ಲಿಗೆ ಹೋಗುವಾಗ ಅದೇ ಡಬ್ಬಿ ಒಯ್ಯುತ್ತೇನೆ. ನೀರನ್ನು ಫಿಲ್ಟರ್ ಮಾಡಿದರೂ ಆಗುತ್ತದೆ, ಆದರೆ ತಮ್ಮನಿಗೆ ಫಿಲ್ಟರ್ ಬದಲಿಸಲು ಸೋಮಾರಿತನ. ಮನೆಯಲ್ಲಿ ನನ್ನದು ಟೆಟ್ಲಿ. 2000ದಿಂದ ಅದು ಟಾಟಾದವರದ್ದು, ಸ್ವದೇಶಿ ಅಂತ ಸಮಾಧಾನ ಮಾಡಿಕೊಳ್ಳಬಹುದು ಅಲ್ವಾ?

ಮೂರು ಅಂತಸ್ತಿನ ತಟ್ಟೆ, ಸ್ಕೋನು ಅನ್ನುವ ಬನ್ನಿನಂಥ ತಿಂಡಿ, ಜಾಮು ಎಲ್ಲ ಹೋಟೆಲಿನ ಟೀ ಮಾತು. ನಾನು ನೋಡಿದ ದಿನನಿತ್ಯದ ಟೀ ಅಂದರೆ ಮನೆಗೆ ಕೆಲಸಕ್ಕೆ ಬಂದ ಪ್ಲಂಬರ್‌ಗೆ ಕೊಡುವುದು. ಅವರು ಬಂದ ಕೂಡಲೇ ಕೇಳದಿದ್ದರೆ ಮರ್ಯಾದೆ ಅಲ್ಲ. ನಮ್ಮ ಮನೆಗೆ ಬರುವವರಿಗೆ ಐದು ನಿಮಿಷ ನೆನೆಸಿ, ಎರಡು ಚಮಚ ಸಕ್ಕರೆ ಹಾಕಿ ಕೊಡುತ್ತೇನೆ, ಪಕ್ಕದಲ್ಲಿ ಡೈಜೆಸ್ಟಿವ್ ಬಿಸ್ಕತ್ತು. ಒಮ್ಮೆ ಶುಂಠಿ ಹಾಕಿ ಕುದಿಸಿದ ನಮ್ಮ ಟೀ ಕೊಟ್ಟೆ. ಪೂರ್ತಿ ಕುಡಿದರು. ಆಮೇಲೆ, ಇನ್ನು ಮಾಮೂಲಿ ಟೀ ಒಂದು ಸಿಗುತ್ತಾ ಅಂದರು.