ಓಡುವ ಮುನ್ನ ಮೈ ಬಿಸಿಯಾಗಲಿ, ಹಿಡಿದು ಎಳೆಯುವುದು ಆಮೇಲೆ

ಬೆಳಗಿನ ಆರು ಗಂಟೆಗೆ ಯಾವ ಪಾರ್ಕಿಗೆ ಹೋದರೂ ಕಾಣುವುದು ಒಂದೇ. ಬಂದವರು ಮೊದಲು ಕಲ್ಲುಬೆಂಚಿನ ಮೇಲೆ ಹಿಮ್ಮಡಿ ಇಟ್ಟು, ಬಗ್ಗಿ ಕಾಲ್ಬೆರಳು ಹಿಡಿಯುತ್ತಾರೆ. ಹಾಸಿಗೆಯಿಂದೆದ್ದು ಅರ್ಧ ಗಂಟೆಯೂ ಆಗದ ತಣ್ಣನೆಯ ಸ್ನಾಯುವನ್ನು ಒಂದು ನಿಮಿಷ ಹಾಗೇ ಎಳೆದು ಹಿಡಿದು, ಅಲ್ಲಿಂದ ನೇರ ಓಟಕ್ಕೆ ಇಳಿಯುತ್ತಾರೆ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಕಲಿಸಿದ ಕ್ರಮ ಅದು, ಆಗ ಎಲ್ಲ ಕಡೆಯೂ ಅದೇ ಇತ್ತು. ಅದನ್ನು ಈಗ ತಿದ್ದಿಕೊಳ್ಳಬೇಕು. ವಾರ್ಮ್ ಅಪ್ ಬೇರೆ, ಸ್ಟ್ರೆಚಿಂಗ್ ಬೇರೆ. ಮೈ ಬಿಸಿ ಮಾಡಿಕೊಳ್ಳುವುದು ವ್ಯಾಯಾಮಕ್ಕೆ ಮುಂಚೆ ಬೇಕೇ ಬೇಕು. ಕೈಕಾಲು ಆಡಿಸುತ್ತಾ ಮಾಡುವ ಸ್ಟ್ರೆಚಿಂಗ್ ಅದರ ಜೊತೆಗೇ ಬರುತ್ತದೆ. ಒಂದೇ ಭಂಗಿಯಲ್ಲಿ ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಮಾತ್ರ ವ್ಯಾಯಾಮ ಮುಗಿದ ಮೇಲೆ, ಇಲ್ಲವೇ ಸಂಜೆ ಬಿಡುವಿನಲ್ಲಿ ಮಾಡಬೇಕಾದ್ದು.

ಬಿಸಿಯಾದ ಸ್ನಾಯು ಏನು ಮಾಡುತ್ತದೆ

ಸುಮ್ಮನೆ ಕೂತಿದ್ದಾಗ ತೊಡೆಯ ಸ್ನಾಯುವಿನ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್, ಅಂದರೆ ದೇಹದ ಒಳಭಾಗಕ್ಕಿಂತ ಒಂದೆರಡು ಡಿಗ್ರಿ ಕಡಿಮೆ. ನಡೆಯಲು, ಓಡಲು ತೊಡಗಿದ ಮೊದಲ ಮೂರರಿಂದ ಐದು ನಿಮಿಷದಲ್ಲಿ ಅದು ಬೇಗಬೇಗ ಏರುತ್ತದೆ, ಹತ್ತರಿಂದ ಇಪ್ಪತ್ತು ನಿಮಿಷದ ಹೊತ್ತಿಗೆ 38ರ ಆಸುಪಾಸಿನಲ್ಲಿ ನೆಲೆಗೊಳ್ಳುತ್ತದೆ. ಜಿಗಿತ, ಸ್ಪ್ರಿಂಟ್‌ನಂಥ ರಭಸದ ಕೆಲಸದಲ್ಲಿ ಒಂದೊಂದು ಡಿಗ್ರಿ ಏರಿಕೆಗೂ ಶೇ 2ರಿಂದ 5ರಷ್ಟು ಬಲ ಹೆಚ್ಚು ಸಿಗುತ್ತದೆ. ನರದ ಸಂದೇಶ ಚುರುಕಾಗುತ್ತದೆ, ರಕ್ತ ತಾನು ಹೊತ್ತು ತಂದ ಆಮ್ಲಜನಕವನ್ನು ಬಿಸಿ ಸ್ನಾಯುವಿಗೆ ಬೇಗ ಬಿಟ್ಟುಕೊಡುತ್ತದೆ. ಹೃದಯಕ್ಕೂ ಈ ಸಮಯ ಬೇಕು. ತಣ್ಣನೆಯ ಮೈಯಲ್ಲಿ ಒಮ್ಮೆಲೇ ಜೋರಾಗಿ ಓಡಿದರೆ, ಹೃದಯದ ಸ್ನಾಯುವಿಗೆ ಹೋಗುವ ರಕ್ತ ಆ ಕ್ಷಣದ ಬೇಡಿಕೆಗೆ ಸಾಲದೆ ಹೋಗಬಹುದು. ನಲವತ್ತು ದಾಟಿದವರು ಈ ಕಾರಣಕ್ಕಾದರೂ ವಾರ್ಮ್ ಅಪ್ ಬಿಡಬಾರದು.

ಹಿಡಿದು ನಿಲ್ಲುವ ಸ್ಟ್ರೆಚಿಂಗ್‌ನಿಂದ ಇದ್ಯಾವುದೂ ಆಗುವುದಿಲ್ಲ. ನಿಂತಲ್ಲೇ ನಿಂತು ಎಳೆದರೆ ಸ್ನಾಯು ಬಿಸಿಯಾಗುವುದಿಲ್ಲ. ಗಾಯ ತಪ್ಪುತ್ತದೆ ಎಂಬ ನಂಬಿಕೆಗೂ ಹೆಚ್ಚಿನ ಆಧಾರವಿಲ್ಲ. ಆಸ್ಟ್ರೇಲಿಯಾ ಸೇನೆಯ 1,538 ಹೊಸ ಸಿಪಾಯಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ತರಬೇತಿಗೆ ಮುಂಚೆ ಕಾಲಿನ ಆರು ಸ್ನಾಯುಗುಂಪುಗಳನ್ನು ತಲಾ 20 ಸೆಕೆಂಡು ಎಳೆಯಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳ ತರಬೇತಿ ಮುಗಿದಾಗ ಕಾಲಿನ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮರುದಿನದ ಮೈಕೈ ನೋವೂ ಅಷ್ಟೇ: ವ್ಯಾಯಾಮಕ್ಕೆ ಮುಂಚೆ ಎಳೆದರೂ ಆಮೇಲೆ ಎಳೆದರೂ ನೂರು ಅಂಕದ ನೋವಿನ ಅಳತೆಯಲ್ಲಿ ಕಡಿಮೆಯಾಗುವುದು ಹೆಚ್ಚೆಂದರೆ ಒಂದು ಅಂಕ.

ಹಾಗಾದರೆ ಮುಂಚೆ ಎಳೆದರೆ ಕೆಡುಕೇ? ಅದು ಎಷ್ಟು ಹೊತ್ತು ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ. ಒಂದು ಸ್ನಾಯುವನ್ನು ಒಟ್ಟು 60 ಸೆಕೆಂಡಿಗಿಂತ ಹೆಚ್ಚು ಎಳೆದು ಹಿಡಿದರೆ, ಅದಾದ ಕೆಲವು ನಿಮಿಷ ಆ ಸ್ನಾಯುವಿನ ಬಲ ಶೇ 4–5ರಷ್ಟು ತಗ್ಗುತ್ತದೆ. ಮೂವತ್ತು ಸೆಕೆಂಡಿನೊಳಗೆ ಬಿಟ್ಟರೆ ಇಳಿತ ಗಮನಕ್ಕೂ ಬರದಷ್ಟು ಸಣ್ಣದು. ನಿತ್ಯ ಎರಡು ಕಿಲೋಮೀಟರ್ ನಿಧಾನ ಓಡುವವರಿಗೆ ಇದರಿಂದ ನಷ್ಟವೇನಿಲ್ಲ. ಆದರೆ ಸ್ಪ್ರಿಂಟ್, ಲಾಂಗ್ ಜಂಪ್, ಭಾರ ಎತ್ತುವುದು, ಕಬಡ್ಡಿ ರೈಡ್‌ಗೆ ಇಳಿಯುವ ಮುನ್ನ ಆ ಶೇ 5 ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಓಟಗಾರರ ಹದಿನೈದು ನಿಮಿಷ

ಮೊದಲು ಮೂರು ನಿಮಿಷ ಬಿರುಸಿನ ನಡಿಗೆ, ಆಮೇಲೆ ಐದು ನಿಮಿಷ ನಿಧಾನದ ಜಾಗಿಂಗ್. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗ ಇರಲಿ. ಏದುಸಿರು ಬಂದರೆ ಅದು ವಾರ್ಮ್ ಅಪ್ ಆಗಿ ಉಳಿಯದೆ ಆಗಲೇ ಓಟ ಶುರುವಾಗಿದೆ ಎಂದರ್ಥ. ಹಣೆಯ ಮೇಲೆ ತೆಳ್ಳಗೆ ಬೆವರು ಕಂಡಾಗ ಮುಂದಿನ ಹಂತಕ್ಕೆ ಹೋಗಿ.

ಮುಂದಿನ ನಾಲ್ಕೈದು ನಿಮಿಷ ಚಲನೆಯ ಸ್ಟ್ರೆಚಿಂಗ್. ಒಂದು ಕೈಯಲ್ಲಿ ಮರವನ್ನೋ ಕಂಬವನ್ನೋ ಹಿಡಿದು, ಹೊರಗಿನ ಕಾಲನ್ನು ಹಿಂದೆ–ಮುಂದೆ ಬೀಸಿ, ಒಂದೊಂದು ಕಾಲಿಗೆ ಹತ್ತು ಸಲ. ಬಳಿಕ ಕಂಬಕ್ಕೆ ಎದುರಾಗಿ ನಿಂತು ಎಡ–ಬಲಕ್ಕೆ ಹತ್ತು ಸಲ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲ ಬೀಸಿಗೇ ಕಾಲನ್ನು ಎದೆಮಟ್ಟಕ್ಕೆ ಎಸೆಯುತ್ತಾರೆ. ಕಾಲು ಅಷ್ಟು ಎತ್ತರ ಏರದಾದಾಗ ಸೊಂಟವನ್ನೇ ಬಗ್ಗಿಸುತ್ತಾರೆ, ಆಗ ತೊಡೆಯ ಹಿಂಭಾಗಕ್ಕೆ ಸಿಗಬೇಕಾದ ಎಳೆತ ಬೆನ್ನಿನ ಕೆಳಭಾಗಕ್ಕೆ ಬೀಳುತ್ತದೆ. ಮೊದಲ ಮೂರು ಬೀಸು ಮಂಡಿಯ ಎತ್ತರಕ್ಕೆ ಸಾಕು, ಹತ್ತನೆಯದರ ಹೊತ್ತಿಗೆ ಸೊಂಟದ ಎತ್ತರಕ್ಕೆ ಬಂದರೆ ಆಯಿತು. ಹೊಟ್ಟೆಯನ್ನು ಸ್ವಲ್ಪ ಬಿಗಿ ಹಿಡಿಯಿರಿ, ನಿಂತ ಕಾಲಿನ ಮಂಡಿ ತುಸು ಸಡಿಲವಾಗಿರಲಿ.

ಅದಾದ ಮೇಲೆ ನಡೆಯುತ್ತಲೇ ಲಂಜ್, ಅಂದರೆ ಒಂದು ಕಾಲನ್ನು ದೂರ ಮುಂದಿಟ್ಟು ಎರಡೂ ಮಂಡಿ ಮಡಚಿ ತಗ್ಗುವುದು, ಒಂದೊಂದು ಕಾಲಿಗೆ ಎಂಟು. ಮುಂದಿಟ್ಟ ಪಾದ ಪೂರ್ತಿ ನೆಲಕ್ಕೆ ಊರಿರಬೇಕು, ಮಂಡಿ ಒಳಕ್ಕೆ ವಾಲಬಾರದು. ಮಂಡಿ ಎತ್ತಿ ಓಟ 20 ಮೀಟರ್, ಹಿಮ್ಮಡಿ ಹಿಂದಕ್ಕೆ ಒದೆಯುತ್ತಾ 20 ಮೀಟರ್. ಕೊನೆಗೆ ಮುಂಗಾಲಿನ ಮೇಲೆ ಸಣ್ಣ ಪುಟಿತ ಇಪ್ಪತ್ತು. ನೆಲದಿಂದ ಎರಡು ಬೆರಳಷ್ಟು ಎತ್ತರ ಏಳಿ, ಸಾಕು. ಹಿಮ್ಮಡಿಯ ಸ್ನಾಯುರಜ್ಜು ಓಟದ ಹೊಡೆತಕ್ಕೆ ಸಿದ್ಧವಾಗುವುದು ಈ ಪುಟಿತದಲ್ಲೇ.

ಕೊನೆಯ ಹಂತವನ್ನು ಬಹಳಷ್ಟು ಜನ ಬಿಟ್ಟೇಬಿಡುತ್ತಾರೆ: ಸ್ಟ್ರೈಡ್ಸ್. 60ರಿಂದ 80 ಮೀಟರ್ ದೂರವನ್ನು ನಿಧಾನವಾಗಿ ಶುರುಮಾಡಿ, ನಡುವಿನಲ್ಲಿ ನಿಮ್ಮ ಪೂರ್ಣ ವೇಗದ ಶೇ 80–85ಕ್ಕೆ ಏರಿಸಿ, ಕೊನೆಗೆ ಸಲೀಸಾಗಿ ಇಳಿಸಿ. ಹೀಗೆ ನಾಲ್ಕು ಸಲ, ನಡುವೆ ಒಂದು ನಿಮಿಷ ನಡಿಗೆ. ಬೀಸು, ಲಂಜ್ ಎಷ್ಟೇ ಮಾಡಿದರೂ ವೇಗದ ಓಟಕ್ಕೆ ಮೈ ಹೊಂದಿಕೊಳ್ಳುವುದು ವೇಗವಾಗಿ ಓಡಿದಾಗಲೇ. ನಮ್ಮ ಮಟ್ಟಿಗೆ ಈ ಹಂತ ಇಡೀ ವಾರ್ಮ್ ಅಪ್‌ನ ತಿರುಳು.

ಇಷ್ಟೆಲ್ಲ ಎಲ್ಲ ಓಟಕ್ಕೂ ಬೇಡ. ಓಟ ಚಿಕ್ಕದಾಗಿ, ಬಿರುಸಾಗಿ ಇದ್ದಷ್ಟೂ ವಾರ್ಮ್ ಅಪ್ ಉದ್ದವಾಗಿರಬೇಕು. 100 ಮೀಟರ್ ಓಡುವವರಿಗೆ ಅರ್ಧ ಗಂಟೆಯೂ ಬೇಕಾದೀತು. 5 ಅಥವಾ 10 ಕಿಲೋಮೀಟರ್ ಸ್ಪರ್ಧೆಗೆ ಮೇಲಿನ ಹದಿನೈದು ನಿಮಿಷ ಸರಿ. ಮ್ಯಾರಥಾನ್ ಓಡುವವರು ಐದು ನಿಮಿಷ ನಡೆದು, ಮೊದಲ ಎರಡು ಕಿಲೋಮೀಟರನ್ನೇ ನಿಧಾನ ಓಡಿ ಬಿಸಿಯಾಗಲಿ, ಶಕ್ತಿ ಉಳಿಯುತ್ತದೆ. ಆರಾಮದ ಬೆಳಗಿನ ಓಟಕ್ಕೆ ಮೊದಲ ಹತ್ತು ನಿಮಿಷದ ನಿಧಾನವೇ ವಾರ್ಮ್ ಅಪ್.

ಬಿಸಿ ಆರದಂತೆ ನೋಡಿಕೊಳ್ಳುವುದು ಇನ್ನೊಂದು ವಿಷಯ. ಸುಮ್ಮನೆ ನಿಂತರೆ ಹದಿನೈದು–ಇಪ್ಪತ್ತು ನಿಮಿಷದಲ್ಲಿ ಗಳಿಸಿದ ಬಿಸಿಯ ಹೆಚ್ಚಿನ ಪಾಲು ಹೋಗಿರುತ್ತದೆ. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆಯಂಥ ದೊಡ್ಡ ಓಟಗಳಲ್ಲಿ ಸಾಲಿನಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಅಲ್ಲಿ ನಿಂತಲ್ಲೇ ಮಂಡಿ ಎತ್ತುವುದು, ಸಣ್ಣ ಪುಟಿತ, ಅರ್ಧ ಬಸ್ಕಿ ಎರಡು ನಿಮಿಷಕ್ಕೊಮ್ಮೆ ಮಾಡುತ್ತಿರಿ. ಡಿಸೆಂಬರಿನ ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿ ಮೇಲಂಗಿ ತೆಗೆಯದೆ ಐದು ನಿಮಿಷ ಹೆಚ್ಚೇ ಮಾಡಿ. ಏಪ್ರಿಲ್–ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಸ್ನಾಯು ಬಿಸಿಯಾಗುವುದು ಕಷ್ಟವಲ್ಲ, ದೇಹದ ಒಳ ಉಷ್ಣತೆ ಮೊದಲೇ ಏರಿಬಿಟ್ಟರೆ ದೂರದ ಓಟದಲ್ಲಿ ಬೇಗ ಸುಸ್ತಾಗುತ್ತದೆ. ನೆರಳಿನಲ್ಲಿ ಏಳೆಂಟು ನಿಮಿಷಕ್ಕೆ ಮುಗಿಸಿ.

ಜಿಮ್‌ನಲ್ಲಿ, ಮೈದಾನದಲ್ಲಿ

ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ನಡೆದು ನೇರ 80 ಕೆ.ಜಿ. ಸ್ಕ್ವಾಟ್‌ಗೆ (ಹೆಗಲ ಮೇಲೆ ಭಾರ ಹೊತ್ತು ಬಸ್ಕಿ) ನಿಲ್ಲುವುದು ಅರ್ಧ ವಾರ್ಮ್ ಅಪ್ ಅಷ್ಟೇ. ಎತ್ತಬೇಕಾದ ಚಲನೆಯಲ್ಲೇ ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಬರಿ 20 ಕೆ.ಜಿ. ಬಾರ್ ಹತ್ತು ಸಲ, 40 ಕೆ.ಜಿ. ಐದು, 60 ಕೆ.ಜಿ. ಮೂರು, 70 ಕೆ.ಜಿ. ಒಂದು, ಆಮೇಲೆ 80. ಮೊದಲ ಸೆಟ್‌ಗಳ ನಡುವೆ ಒಂದು ನಿಮಿಷ, ಕೊನೆಯದಾದ ಮೇಲೆ ಎರಡು–ಮೂರು ನಿಮಿಷ ಬಿಡುವು. 60 ಕೆ.ಜಿ.ಯನ್ನು ಹತ್ತು ಸಲ ಎತ್ತಿ ದಣಿದರೆ ನಿಜವಾದ ಸೆಟ್‌ಗೆ ಶಕ್ತಿ ಉಳಿಯುವುದಿಲ್ಲ, ಅದಕ್ಕೇ ಭಾರ ಏರಿದಂತೆ ಎಣಿಕೆ ಇಳಿಯುವುದು.

ತಂಡದ ಆಟಗಳಿಗೆ ಸಿದ್ಧ ಕ್ರಮವೊಂದಿದೆ: ಫಿಫಾ 11 ಪ್ಲಸ್. ಎಂಟು ನಿಮಿಷ ಬಗೆಬಗೆಯ ಓಟ, ಹತ್ತು ನಿಮಿಷ ಬಲ, ಸಮತೋಲನ ಮತ್ತು ಜಿಗಿತದ ವ್ಯಾಯಾಮ, ಕೊನೆಗೆ ಎರಡು ನಿಮಿಷ ವೇಗದ ಓಟ. ಒಟ್ಟು ಇಪ್ಪತ್ತು ನಿಮಿಷ, ಚೆಂಡೊಂದಿದ್ದರೆ ಸಾಕು. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಫುಟ್‌ಬಾಲ್ ಆಟಗಾರ್ತಿಯರ ಮೇಲೆ ಇದನ್ನು ಪರೀಕ್ಷಿಸಿದಾಗ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಇದರಲ್ಲಿ ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಇಲ್ಲ ಎಂಬುದನ್ನು ಗಮನಿಸಿ. ಗಾಯ ತಡೆದದ್ದು ಬಲ, ಸಮತೋಲನ, ಜಿಗಿದು ಸರಿಯಾಗಿ ಇಳಿಯುವ ಅಭ್ಯಾಸ, ಅದೂ ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಿದಾಗ. ಶಾಲಾ ತಂಡಗಳಿಗೆ ಇದನ್ನು ಕಲಿಸುವುದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ಭಾನುವಾರದ ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ಗಳು ಮೊದಲ ಓವರ್‌ಗೆ ಮುಂಚೆ ಅರ್ಧ ರನ್‌ಅಪ್‌ನಲ್ಲಿ ಆರು ಎಸೆತ, ಪೂರ್ತಿ ರನ್‌ಅಪ್‌ನಲ್ಲಿ ಆರು ಎಸೆತ ಹಾಕಿಕೊಳ್ಳಲಿ. ಸ್ಪೆಲ್ ಮುಗಿದು ಅರ್ಧ ಗಂಟೆ ಬೌಂಡರಿಯಲ್ಲಿ ನಿಂತವರು ಮತ್ತೆ ಬೌಲಿಂಗಿಗೆ ಬರುವ ಮುನ್ನ ಮೈ ಮತ್ತೊಮ್ಮೆ ಬಿಸಿ ಮಾಡಿಕೊಳ್ಳಬೇಕು.

ಹಿಡಿದು ಎಳೆಯುವುದಕ್ಕೂ ಹೊತ್ತಿದೆ

ಮೈ ಬಾಗುವ ಗುಣ ಹೆಚ್ಚಬೇಕಾದರೆ ಹಿಡಿದು ಮಾಡುವ ಸ್ಟ್ರೆಚಿಂಗ್ ಒಳ್ಳೆಯ ದಾರಿ. ಒಂದೊಂದು ಸ್ನಾಯುವಿಗೆ 30 ಸೆಕೆಂಡು, ಎರಡರಿಂದ ನಾಲ್ಕು ಸಲ, ವಾರಕ್ಕೆ ಐದು ದಿನ. ಎಳೆತ ತಿಳಿಯಬೇಕು, ನೋಯಬಾರದು, ಉಸಿರು ಕಟ್ಟಬಾರದು. ಮೀನಖಂಡದಲ್ಲಿ ಎರಡು ಪದರದ ಸ್ನಾಯುಗಳಿವೆ. ಗೋಡೆಗೆ ಕೈಕೊಟ್ಟು ಹಿಂದಿನ ಕಾಲನ್ನು ನೆಟ್ಟಗಿಟ್ಟರೆ ಮೇಲಿನದು ಎಳೆಯುತ್ತದೆ. ಅದೇ ಭಂಗಿಯಲ್ಲಿ ಮಂಡಿ ಮಡಚಿದರೆ ಒಳಗಿನದು. ಎರಡರಲ್ಲೂ ಹಿಮ್ಮಡಿ ನೆಲ ಬಿಡಬಾರದು, ಪಾದ ನೇರ ಮುಂದಕ್ಕೆ ನೋಡುತ್ತಿರಬೇಕು. ಪಾದ ಹೊರಕ್ಕೆ ತಿರುಗಿದರೆ ಎಳೆತ ಮೀನಖಂಡ ಬಿಟ್ಟು ಪಾದದ ಒಳಕಮಾನಿಗೆ ಹೋಗುತ್ತದೆ.

ಜಿಮ್ನಾಸ್ಟಿಕ್ಸ್, ಭರತನಾಟ್ಯದಂಥ, ದೊಡ್ಡ ಬಾಗು ಬೇಡುವ ಅಭ್ಯಾಸವಿರುವವರು ಮುಂಚೆಯೂ ಎಳೆಯಲೇಬೇಕು. ಅವರು ಮೊದಲು ಬಿಸಿಯಾಗಿ, ಪ್ರತಿ ಭಂಗಿಯನ್ನು 30 ಸೆಕೆಂಡಿನೊಳಗೆ ಬಿಟ್ಟು, ಬಳಿಕ ಚಲನೆಯ ಸ್ಟ್ರೆಚಿಂಗ್ ಮಾಡಿ ಮುಗಿಸಿದರೆ ಬಲ ತಗ್ಗುವುದಿಲ್ಲ.

ಈಚೆಗೆ ತೊಡೆಯ ಹಿಂದೆ ಸ್ನಾಯು ಹಿಡಿದು ಹರಿದಂತಾದವರು ಆ ಜಾಗವನ್ನು ಎಳೆಯಬೇಡಿ, ಕೂಡುತ್ತಿರುವ ಎಳೆಗಳು ಮತ್ತೆ ಬಿಡುತ್ತವೆ. ಓಡಿದಾಗ ಉಬ್ಬಸ ಬರುವವರಿಗೆ ಹತ್ತು–ಹದಿನೈದು ನಿಮಿಷದ ವಾರ್ಮ್ ಅಪ್ ನಡುವೆ ಅರ್ಧರ್ಧ ನಿಮಿಷದ ಕೆಲವು ಬಿರುಸಿನ ಓಟ ಸೇರಿಸಿದರೆ ಆಮೇಲಿನ ತೊಂದರೆ ಹಗುರಾಗುತ್ತದೆ. ವೈದ್ಯರು ಕೊಟ್ಟ ಇನ್‌ಹೇಲರ್ ಬಿಡುವಂತಿಲ್ಲ. ವಾರ್ಮ್ ಅಪ್‌ನಲ್ಲೇ ಎದೆ ಹಿಂಡಿದಂತಾದರೆ, ನೋವು ದವಡೆಗೋ ಎಡತೋಳಿಗೋ ಇಳಿದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಐದೇ ನಿಮಿಷ ಇದ್ದರೆ ಬೀಸು, ಲಂಜ್ ಬಿಡಿ, ನಡಿಗೆಯನ್ನೂ ಬಿಡಿ. ಮೂರೂವರೆ ನಿಮಿಷ ಜಾಗಿಂಗ್ ಮಾಡಿ, ಎರಡು ಸ್ಟ್ರೈಡ್ಸ್ ಹಾಕಿ, ಓಟದ ಮೊದಲ ಕಿಲೋಮೀಟರನ್ನು ನಿಮ್ಮ ಎಂದಿನ ವೇಗಕ್ಕಿಂತ ಅರ್ಧ ನಿಮಿಷ ನಿಧಾನ ಓಡಿ.