ಹಳೇ ಬಾಗಿಲೇ ನನ್ನ ರೀಲೋಡಿಂಗ್ ಬೆಂಚು

ಇಪ್ಪತ್ತು ಡಾಲರಿನ ಹಳೇ ಬಾಗಿಲನ್ನು ಉದ್ದಕ್ಕೆ ಸೀಳಿ, ಒಂದರ ಮೇಲೊಂದು ಅಂಟಿಸಿ, ಗೋಡೆಗೆ ಬಿಗಿದು ರೀಲೋಡಿಂಗ್‌ಗೆ ಬೆಂಚು ಮಾಡಿದೆ. ರೀಲೋಡಿಂಗ್ ಅಂದರೆ ಹಾರಿಸಿದ ತೋಟೆಯ ಖಾಲಿ ಕೊಳವೆಗೆ (ಅದೇ ಕೇಸು) ಹೊಸ ಸಿಡಿಮದ್ದು, ಗುಂಡು ಹಾಕಿ ಮತ್ತೆ ತೋಟೆ ಮಾಡುವುದು. ಎರಡು ವರ್ಷ ದಾಟಿತು. ಲೆಕ್ಕ ಬರೆದಿಟ್ಟಿಲ್ಲ, ಆದರೆ ಅದರ ಮೇಲೆ ಒಂಬತ್ತು ಸಾವಿರ ತೋಟೆಗಳಾದರೂ ತುಂಬಿರಬೇಕು. ಮುಕ್ಕಾಲು ಪಾಲು ಪಿಸ್ತೂಲಿನ ನೈನ್ ಎಂಎಂ, ಉಳಿದದ್ದು ರೈಫಲ್‌ನ .308. ಒಂದು ಬೋಲ್ಟೂ ಸಡಿಲವಾಗಿಲ್ಲ. "ಬಾಗಿಲು ಬಾಗುತ್ತೆ ಮಾರಾಯ, ಹೆಸರಲ್ಲೇ ಇದೆಯಲ್ಲ" ಅಂತ ನಕ್ಕಿದ್ದ, ಸುಳ್ಯದಿಂದ ಬಂದು ಇಲ್ಲೇ ಇರುವ ಗೆಳೆಯನಿಗೆ ಇದನ್ನು ಓದಲು ಕಳಿಸುತ್ತೇನೆ.

ನಮ್ಮೂರು ಮಡಿಕೇರಿ ಹತ್ತಿರ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವುದು, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ನೋಡಿಕೊಂಡೇ ಬೆಳೆದವನು. ಆದರೆ ಟೆಕ್ಸಾಸ್‌ಗೆ ಬಂದು ಎಷ್ಟೋ ವರ್ಷ ಕೋವಿ ಮುಟ್ಟಲಿಲ್ಲ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಇಲ್ಲಿನ ಕಾನೂನು ಸಲೀಸಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ರೈಫಲ್ ತಗೊಂಡೆ. ಆಮೇಲೆ 2020-21ರಲ್ಲಿ ಅಂಗಡಿಗಳಲ್ಲಿ ತೋಟೆಯೇ ಇಲ್ಲದ ಕಾಲ ಬಂತಲ್ಲ, ಆಗ ಈ ಹುಚ್ಚು ಹಿಡಿಯಿತು. ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ, ಕೇಸಿನ ತಳದ ಸಣ್ಣ ಬಟ್ಟಲು) ಸಾವಿರಕ್ಕೆ ಮೂವತ್ತೈದು ಡಾಲರ್ ಇದ್ದದ್ದು ನೂರು ದಾಟಿತ್ತು. ಉಳಿತಾಯ ಮಾಡೋಣ ಅಂತ ಇಳಿದವನು ಮೊದಲ ವರ್ಷ ಬೆಂಚಿಗೇ ಸುರಿದದ್ದು ನೆನೆದರೆ ನಗು ಬರುತ್ತದೆ.

ಮೊದಲು ಮಡಚುವ ಮೇಜಿಗೆ ಸಿ-ಕ್ಲ್ಯಾಂಪ್ ಹಾಕಿ ರಾಕ್ ಚಕರ್ ಅನ್ನುವ ಪ್ರೆಸ್ ಕೂರಿಸಿದೆ. ಪ್ರೆಸ್ ಅಂದರೆ ಹಿಡಿ ಒತ್ತಿ ಕೇಸಿಗೆ ಆಕಾರ ಕೊಡುವ, ಗುಂಡು ಕೂರಿಸುವ ಯಂತ್ರ. ಅದರ ಬಗ್ಗೆ ಹೇಳಲು ಏನೂ ಇಲ್ಲ. ಎರಡು ಸಂಜೆ ನಡೆಯಿತು.

ಎರಡನೆಯದು ಅಂಗಡಿಯ ಬೆಂಚು. ಡ್ರಾಯರು, ಚಕ್ರ, ಹೊಳೆಯುವ ಮರದ ಹಲಗೆ, ಎಲ್ಲ ಸೇರಿ ಮುನ್ನೂರೈವತ್ತು ಡಾಲರ್ ಹತ್ತಿರ. ನೋಡಲು ಚೆಂದ. ಮನೆಗೆ ತಂದ ಮೇಲೆ ಗೊತ್ತಾಯಿತು, ಪ್ರೆಸ್‌ನ ಬೋಲ್ಟ್ ಇಳಿಯಬೇಕಾದ ಜಾಗದಲ್ಲೇ ಮೇಲಿನ ಡ್ರಾಯರ್ ಇದೆ. ಆ ಡ್ರಾಯರ್ ತೆಗೆದು ಬಿಸಾಡಿದೆ. ಹಲಗೆ ಬರೀ ಒಂದಿಂಚು ದಪ್ಪ. .308 ಕೇಸು ಫುಲ್ ಲೆಂತ್ ಸೈಜ್ ಮಾಡುವಾಗ, ಅಂದರೆ ಉಬ್ಬಿದ ಕೇಸನ್ನು ಅಚ್ಚಿಗೆ ತಳ್ಳಿ ಮೊದಲಿನ ಅಳತೆಗೆ ತರುವಾಗ, ಹಿಡಿ ಒತ್ತಿದರೆ ಮುಂದಿನ ಅಂಚು ಬಗ್ಗುತ್ತಿತ್ತು, ಬೆಂಚಿನ ಬೆನ್ನು ಮೇಲೇಳುತ್ತಿತ್ತು. ಕೇಸಿನ ಕುತ್ತಿಗೆಯನ್ನು ಒಳಗಿನಿಂದ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಬಾಲ್ ಎಳೆಯುವಾಗ ಉಲ್ಟಾ. ಚಕ್ರಕ್ಕೆ ಲಾಕ್ ಇದ್ದರೇನು, ಕುದುರೆ ಸವಾರಿಯೇ. ಕೆಳಗಿನ ಡ್ರಾಯರ್‌ಗೆ ನೂರು ಪೌಂಡ್ ಸೀಸದ ಗುಂಡು ತುಂಬಿಸಿ ನೋಡಿದೆ. ಡ್ರಾಯರ್‌ನ ಹಳಿ ಸೊಟ್ಟಗಾಯಿತು. ಕೊನೆಗೆ ನೂರೈವತ್ತಕ್ಕೆ ಮಾರಿದೆ. ತಗೊಂಡವನು ಗಿಡದ ಕುಂಡ ಇಡಲು ಅಂದ.

ಮೂರನೆಯದನ್ನು ನಾನೇ ಟೂ-ಬೈ-ಫೋರ್ ಅನ್ನುವ ಮರದ ರೀಪಿನಲ್ಲಿ ಕಟ್ಟಿದೆ. ಅದೂ ಯಾವಾಗ? 2021ರ ಮೇ ತಿಂಗಳಲ್ಲಿ, ಮರದ ಬೆಲೆ ತಲೆ ಮೇಲೆ ಹೋಗಿದ್ದಾಗ. ಎಂಟಡಿಯ ಒಂದು ತುಂಡಿಗೆ ಎಂಟೊಂಬತ್ತು ಡಾಲರ್ ಕೊಟ್ಟೆ. ನಾಲ್ಕು ಕಾಲು, ಪ್ಲೈವುಡ್ ಎರಡು ಪದರ, ಭಾರವೂ ಇತ್ತು. ಆದರೆ ಗ್ಯಾರೇಜಿನ ನೆಲ ನೀರು ಹೋಗಲಿ ಅಂತ ಬಾಗಿಲ ಕಡೆ ಇಳಿಜಾರು ಇರುತ್ತದಲ್ವಾ, ನಾನು ನಾಲ್ಕೂ ಕಾಲು ಒಂದೇ ಅಳತೆಗೆ ಕತ್ತರಿಸಿದ್ದೆ. ಬೆಣೆ ಇಟ್ಟೆ, ಬೆಣೆ ಜಾರಿತು. ಮತ್ತೆ ಇಟ್ಟೆ. ನನ್ನ ಹೆಂಡತಿ ಬಂದು ನೋಡಿ, "ಅಡುಗೆ ಮನೆ ಕಟ್ಟೆಗೆ ಇಷ್ಟು ತಲೆ ಕೆಡಿಸಿಕೊಂಡಿದ್ದರೆ ಆಗಿತ್ತು ನೋಡಿ" ಅಂದಳು.

ಇಲ್ಲಿ ಒಂದು ಮಾತು. ಬೆಂಚು ಅಲುಗಿದರೆ ತೋಟೆಯ ಉದ್ದ ಕೆಡುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಇಲ್ಲ. ಡೈ (ಅಚ್ಚು), ಕೇಸನ್ನು ಅದಕ್ಕೆ ತಳ್ಳುವ ರಾಮ್, ಎರಡೂ ಪ್ರೆಸ್‌ನ ಮೈಯಲ್ಲೇ ಇರುವುದು. ಬೆಂಚು ಬಗ್ಗಿದರೆ ಪ್ರೆಸ್ ಪೂರ್ತಿ ಅದರ ಜೊತೆ ಹೋಗುತ್ತದೆ ಅಷ್ಟೇ. ಕೆಡುವುದು ಬೇರೆ ಕಡೆ. ಮದ್ದು ಅಳೆದು ಸುರಿಯುವ ಪೌಡರ್ ಮೆಷರ್‌ನೊಳಗೆ ಅದು ಒಮ್ಮೆ ಸಡಿಲ, ಒಮ್ಮೆ ಗಟ್ಟಿ ಕೂರುತ್ತದೆ, ಸುರಿಯುವ ಅಳತೆ ಹಿಂದೆ ಮುಂದೆ ಆಗುತ್ತದೆ. ಡಿಜಿಟಲ್ ತಕ್ಕಡಿ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಪ್ರೈಮರ್ ಕೂತದ್ದು ಕೈಗೆ ಗೊತ್ತಾಗುವುದಿಲ್ಲ. ನನ್ನ ಇನ್ನೊಂದು ಪ್ರೆಸ್ ಡಿಲ್ಲನ್ 550ರಲ್ಲಿ ಶೆಲ್ ಪ್ಲೇಟ್ (ಕೇಸುಗಳನ್ನು ಹಿಡಿದ ತಟ್ಟೆ) ತಿರುಗಿಸುವಾಗ ನೈನ್ ಎಂಎಂ ಕೇಸಿನಿಂದ ಮದ್ದು ಹಾರುತ್ತದೆ. ಹಾರಿದ್ದು ಎಷ್ಟು ಅಂತ ಯಾರಿಗೆ ಗೊತ್ತು? ಒಂದು ರಾತ್ರಿ ಅನುಮಾನ ಬಂದು ಇನ್ನೂರು ತೋಟೆ ಒಂದೊಂದಾಗಿ ಬಿಚ್ಚಿದೆ. ಬೆಳಗಿನ ಜಾವ ಎರಡಾಗಿತ್ತು. ಬಾಗಿಲಿನ ಯೋಚನೆ ಬಂದದ್ದು ಆ ರಾತ್ರಿಯೇ.

ಹಳೇ ಕಟ್ಟಡದ ಸಾಮಾನು ಮಾರುವ ರೀಸ್ಟೋರ್‌ನಲ್ಲಿ ಒಳಗೆ ಗಟ್ಟಿ ಇರುವ ಬಾಗಿಲು ಸಿಕ್ಕಿತು. ಎಂಬತ್ತು ಇಂಚು ಉದ್ದ, ಮೂವತ್ತಾರು ಅಗಲ, ಒಂದು ಮುಕ್ಕಾಲು ದಪ್ಪ. ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಇಬ್ಬರು ಹಿಡಿದು ಕಾರಿಗೆ ಹಾಕಬೇಕಾಯಿತು. ಎಲ್ಲರೂ ಬಾಗಿಲನ್ನು ಹಾಗೇ ಮಲಗಿಸುತ್ತಾರೆ. ನಾನು ನಡುವೆ ಸೀಳಿ ಹದಿನೆಂಟು ಇಂಚಿನ ಎರಡು ಪಟ್ಟಿ ಮಾಡಿದೆ. ಅಂಟು ಹಾಕಿ ಸೇರಿಸಿದ ಮೇಲೆ ದಪ್ಪ ಮೂರೂವರೆ ಇಂಚು. "ಹದಿನೆಂಟು ಇಂಚಲ್ಲಿ ಏನು ಇಡ್ತೀಯ?" ಅಂತ ಎಲ್ಲರೂ ಕೇಳಿದರು. ಅಗಲದ ಬೆಂಚಿನ ಹಿಂದಿನ ಅರ್ಧದಲ್ಲಿ ನೀವು ಏನು ಇಟ್ಟಿದ್ದೀರಿ, ಹೋಗಿ ನೋಡಿ. ಕಸ ತಾನೆ?

ಬಾಗಿಲಿನ ಒಳಗೆ ಇರುವುದು ಮರದ ಪುಡಿ ಒತ್ತಿ ಮಾಡಿದ ಹಲಗೆ. ಲ್ಯಾಗ್ ಸ್ಕ್ರೂ (ನಟ್ ಇಲ್ಲದೆ ನೇರ ಮರಕ್ಕೆ ತಿರುಗಿಸುವ ದಪ್ಪ ಸ್ಕ್ರೂ) ಹಾಕಿದರೆ ಕೆಲವೇ ತಿಂಗಳಲ್ಲಿ ಹುಣಸೆ ಬೀಜದ ಹಾಗೆ ಉದುರಿ ಬರುತ್ತದೆ. ನನಗೆ ಆರು ವಾರಕ್ಕೇ ಬಂತು. ಹಲಗೆಯ ಮೇಲಿಂದ ಕೆಳಕ್ಕೆ ಪೂರ್ತಿ ಹಾಯುವ ಬೋಲ್ಟ್ ಹಾಕಿ, ಕೆಳಗೆ ಕಾಲಿಂಚಿನ ಕಬ್ಬಿಣದ ಪಟ್ಟಿ ಕೊಡಿ. ಬಾಗಿಲಿನ ಅಂಚಿಗೆ ಮಾತ್ರ ನಿಜವಾದ ಮರ ಇರುತ್ತದೆ, ಆ ಬದಿ ಮುಂದಕ್ಕೆ ಬರಲಿ, ಸೀಳಿದ ಬದಿ ಗೋಡೆಗೆ. ಇನ್ನೊಂದು ತಪ್ಪು: ಮೊದಲು ಪ್ರೆಸ್ಸನ್ನು ಒಂದಿಂಚು ಒಳಗೆ ಕೂರಿಸಿದ್ದೆ. ಹಲಗೆ ದಪ್ಪ ಇರುವುದರಿಂದ ಕೆಳಗಿನ ಕೊಂಡಿ ಅಂಚಿಗೆ ಬಡಿಯಿತು. ಮತ್ತೆ ತೂತು ಕೊರೆದೆ. ಹಳೇ ಮೂರು ತೂತು ಈಗಲೂ ಇವೆ, ಪೆನ್ಸಿಲ್ ಸಿಕ್ಕಿಸುತ್ತೇನೆ.

ಗೋಡೆಯೊಳಗೆ ಹದಿನಾರು ಇಂಚಿಗೊಂದು ಇರುವ ಸ್ಟಡ್ (ನಿಲುವು ಮರ) ಹುಡುಕಿ, ಟೂ-ಬೈ-ಸಿಕ್ಸ್ ಬಿಗಿದು, ಬೆಂಚಿನ ಬೆನ್ನು ಅದಕ್ಕೆ ಕೂರಿಸಿದೆ. ಎಲ್ಲ ಗುಟ್ಟೂ ಇದರಲ್ಲೇ. ಬೆನ್ನು ಮೇಲೇಳುವ ಹಾಗಿಲ್ಲ, ಮುಂದೆ ಬಾಗುವ ಹಾಗಿಲ್ಲ. ಮುಂದಿನ ಕಾಲು ಮೂರೇ. ಎರಡು ಪ್ರೆಸ್‌ಗಳ ಹಿಂದೆ ಸರಿಯಾಗಿ ಒಂದೊಂದು, ಇನ್ನೊಂದು ನಡುವೆ. ಈ ಸಲ ಇಳಿಜಾರಿಗೆ ತಕ್ಕಂತೆ ಒಂದೊಂದನ್ನೂ ಬೇರೆ ಬೇರೆ ಅಳೆದು ಕತ್ತರಿಸಿದೆ, ಎರಡು ತುದಿಗೆ ಮುಕ್ಕಾಲು ಇಂಚು ವ್ಯತ್ಯಾಸ ಬಂತು. ಎತ್ತರ ಮೂವತ್ತೊಂಬತ್ತು ಇಂಚು, ನಿಂತು ಮಾಡುವವನಿಗೆ.  

ಪಕ್ಕದ ಮನೆಯ ಅಜ್ಜ ಯಂತ್ರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಡಯಲ್ ಗೇಜ್ ತಂದು ನೋಡಿದೆ. ಹಳೇ ಟೂ-ಬೈ-ಫೋರ್ ಬೆಂಚಿನ ಅಂಚು .308 ಸೈಜ್ ಮಾಡುವಾಗ ಇಂಚಿನ ಎಂಟನೇ ಒಂದು ಪಾಲು ಇಳಿಯುತ್ತಿತ್ತು. ಬಾಗಿಲಿನದ್ದು ಮೂರು ನಾಲ್ಕು ಸಾವಿರಾಂಶ. ಅಜ್ಜ ಗೇಜ್ ಕೆಟ್ಟಿದೆಯೇನೋ ಅಂತ ಎರಡು ಸಲ ಕೂರಿಸಿ ನೋಡಿದರು.

ತಕ್ಕಡಿ ಬೆಂಚಿನ ಮೇಲೆ ಇಲ್ಲವೇ ಇಲ್ಲ. ಪಕ್ಕದ ಸ್ಟಡ್‌ಗೆ ಬೇರೆ ಸಣ್ಣ ಕಪಾಟು ಹೊಡೆದು, ಉಳಿದ ಗ್ರಾನೈಟ್ ಬಿಲ್ಲೆ ಇಟ್ಟು, ಅದರ ಮೇಲೆ ಇಟ್ಟಿದ್ದೇನೆ. ಹಳೇ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ತಕ್ಕಡಿಯ ಅಂಕಿ ಓಡುವುದೂ ನಿಂತಿತು. ಫ್ಯಾನ್ ಗಾಳಿ ಬೀಳದ ಮೂಲೆ ಬೇಕು, ಅದೊಂದೇ ಕಷ್ಟ, ಆಗಸ್ಟ್‌ನಲ್ಲಿ ನಮ್ಮ ಗ್ಯಾರೇಜು ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಅದಕ್ಕೇ ಮದ್ದು, ಪ್ರೈಮರ್ ಅಲ್ಲಿ ಇಡುವುದಿಲ್ಲ. ಮನೆಯೊಳಗೆ, ತಂದ ಡಬ್ಬಿಯಲ್ಲೇ, ಒಂದಿಂಚು ದಪ್ಪದ ಮರದ ಪೆಟ್ಟಿಗೆಯಲ್ಲಿ, ಬೀಗ ಹಾಕಿ. ಪೆಟ್ಟಿಗೆಯೂ ಉಳಿದ ಮರದ್ದೇ.

ಮೇಲ್ಮೈಗೆ ಒಂದಷ್ಟು ಆಟ ಆಡಿದೆ. ರಬ್ಬರ್ ಚಾಪೆ ಹಾಸಿದೆ, ಮದ್ದಿನ ಕಾಳು ಅದಕ್ಕೆ ಅಂಟಿ ಕೂತಿತು. ಎಣ್ಣೆ ಹಚ್ಚಿದೆ, ಕಪ್ಪು ಕಾಳು ಕಂದು ಮರದ ಮೇಲೆ ಕಾಣಲಿಲ್ಲ. ಕೊನೆಗೆ ಬಿಳಿ ಬಣ್ಣ. ಚೆಲ್ಲಿದ ಒಂದು ಕಾಳೂ ಕಾಣುತ್ತದೆ, ಪೇಂಟ್ ಬ್ರಷ್‌ನಿಂದ ಗುಡಿಸುತ್ತೇನೆ. ವ್ಯಾಕ್ಯೂಮ್ ಹಚ್ಚಬೇಡಿ, ಅದರೊಳಗಿನ ಕಿಡಿಗೆ ಮದ್ದು ಹೊತ್ತಿಕೊಳ್ಳಬಹುದು. ಕಾಫಿ ಲೋಟವನ್ನೂ ಬೆಂಚಿಗೆ ತರುವುದಿಲ್ಲ, ಕೈಗೆ ಅಂಟಿದ ಸೀಸ ಬಾಯಿಗೆ ಹೋದೀತು.

ಬಾಗಿಲು ಇಪ್ಪತ್ತು, ಮರ ಐವತ್ತರ ಹತ್ತಿರ, ಬೋಲ್ಟು ಕಬ್ಬಿಣ ನಲವತ್ತು, ದೀಪ ಮೂವತ್ತು. ನೂರನಲವತ್ತು ಅನ್ನಿ. ಹಿಂದಿನ ಮೂರಕ್ಕೆ ಸುರಿದದ್ದು ಐನೂರಕ್ಕೂ ಮೇಲೆ, ಅದನ್ನು ಮನೆಯಲ್ಲಿ ಹೇಳಿಲ್ಲ.

ಸಾಮಾನು ಬಿಗಿ ಹಿಡಿಯುವ ವೈಸ್ ಇನ್ನೂ ಸರಿ ಹೋಗಿಲ್ಲ. ಎಡ ತುದಿಯಲ್ಲಿ ಹಾಕಿದ್ದೇನೆ, ಅಲ್ಲಿ ಕೆಳಗೆ ಕಾಲಿಲ್ಲ, ಜೋರಾಗಿ ತಿರುಗಿಸಿದರೆ ಕಿರ್ ಅನ್ನುತ್ತದೆ. ನಾಲ್ಕನೇ ಕಾಲಿಗೆ ಮರ ತಂದು ಎರಡು ತಿಂಗಳಾಯಿತು. ಸುಳ್ಯದವನು ಮೊನ್ನೆ ಫೋನ್ ಮಾಡಿ ಬಾಗಿಲು ಎಲ್ಲಿ ಸಿಕ್ಕಿತು ಅಂತ ಕೇಳಿದ. ಬರುವ ಶನಿವಾರ ಅವನ ಗ್ಯಾರೇಜಿಗೆ ಗರಗಸ ತಗೊಂಡು ಹೋಗಬೇಕು.