ಲಾಂಟೌ ಶಿಖರ: ಎರಡನೇ ಸಲ ಹತ್ತಿದ್ದು

ಹಾಂಗ್‌ಕಾಂಗಿನ ಲಾಂಟೌ ದ್ವೀಪದ ಈ ಶಿಖರ 934 ಮೀಟರ್ ಅಂತ ಓದಿದಾಗ ನನಗೆ ನಗು ಬಂದಿತ್ತು. ನಮ್ಮ ಕುಮಾರಪರ್ವತ 1712 ಮೀಟರ್ ಅಲ್ವಾ, ಅದನ್ನೇ ಹತ್ತಿ ಇಳಿದವನು ನಾನು. ಹಾಂಗ್‌ಕಾಂಗಿಗೆ ಕೆಲಸಕ್ಕೆ ಬಂದ ಮೊದಲ ವರ್ಷವೇ, ಆಗಸ್ಟಿನ ಒಂದು ಭಾನುವಾರ, ತಿಂಡಿ ತಿಂದು ಹತ್ತೂವರೆಗೆ ಆರಾಮಾಗಿ ಹೊರಟೆ. ಚೀಲದಲ್ಲಿ ಒಂದೇ ಲೀಟರ್ ನೀರು.

ಅರ್ಧ ದಾರಿಯನ್ನೂ ಮುಟ್ಟಲಿಲ್ಲ. ಮೇಲೆ ಹೋದಂತೆ ಮರಗಳು ಮುಗಿದು ಬರೀ ಹುಲ್ಲು. ನೆತ್ತಿ ಮೇಲೆ ಬಿಸಿಲು, ಕೆಳಗಿನಿಂದ ಕಡಲಿನ ಸೆಕೆ. ನೀರು ಖಾಲಿಯಾಯಿತು, ಕಣ್ಣು ಕತ್ತಲೆ ಬಂತು. ಒಂದು ಬಂಡೆಯ ನೆರಳಲ್ಲಿ ಅರ್ಧ ಗಂಟೆ ಕೂತು ಸುಮ್ನೆ ವಾಪಸ್ ಇಳಿದೆ. ಆ ಹೊತ್ತಿಗೆ ಜೇಬಿನಲ್ಲಿ ರೇಡಿಯೋ ಹಾಡಿಸಿಕೊಂಡು ಒಬ್ಬ ಅಜ್ಜ ಮೇಲಿಂದ ಇಳಿದು ಬರುತ್ತಿದ್ದರು. ಅವರ ಚಾರಣ ಮುಗಿದಿತ್ತು, ನಾನಿನ್ನೂ ಶುರು ಮಾಡಿದ್ದೆ!

ಎರಡನೇ ಸಲ ನವೆಂಬರ್ ಕೊನೆಗೆ ಹೋದೆ. ಹಾಂಗ್‌ಕಾಂಗಿನಲ್ಲಿ ಬೆಟ್ಟ ಹತ್ತಲು ಅದೇ ಸರಿಯಾದ ಕಾಲ. ಮಳೆ, ಚಂಡಮಾರುತ ಎಲ್ಲ ಹಿಂದೆ ಬಿದ್ದಿರುತ್ತವೆ, ಗಾಳಿ ಒಣಗಿರುತ್ತದೆ. ತುದಿಯಲ್ಲಿ ಸೂರ್ಯೋದಯ ನೋಡುವ ಆಸೆ. ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಹಾಗಾಗಿ ನಾಲ್ಕೂವರೆಗೆ ದ್ವೀಪದ ಪಟ್ಟಣ ತುಂಗ್ ಚುಂಗ್‌ನಲ್ಲಿ ಟ್ಯಾಕ್ಸಿ ಹಿಡಿದೆ. ಟ್ಯಾಕ್ಸಿಯ ಬಣ್ಣ ನೋಡಿ ಹತ್ತಬೇಕು. ಲಾಂಟೌ ದ್ವೀಪದ್ದು ನೀಲಿ, ನಗರದಲ್ಲಿ ಓಡಾಡುವುದು ಕೆಂಪು. ಹಗಲಿನಲ್ಲಾದರೆ 3ಎಂ ಬಸ್ಸು ಸಾಕು, ಪಾಕ್ ಕುಂಗ್ ಔ ಅನ್ನುವ ಕಣಿವೆ ತಿರುವಿನಲ್ಲಿ ಇಳಿಸುತ್ತದೆ.

ಅಲ್ಲಿಂದ ತುದಿಗೆ ಸುಮಾರು ಎರಡೂವರೆ ಕಿಲೋಮೀಟರ್. ಅಷ್ಟರಲ್ಲಿ ಹತ್ತಿರ ಹತ್ತಿರ 600 ಮೀಟರ್ ಮೇಲೇರಬೇಕು. ಅದೂ ಬಹುಪಾಲು ಕಲ್ಲಿನ ಮೆಟ್ಟಿಲು. ನಾನು ಮೈಸೂರಿನವನು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬೆಳೆದವನು. ಅಲ್ಲಿ ಕಾಲಿಗೆ ಒಂದು ಲಯ ಸಿಗುತ್ತದೆ. ಇಲ್ಲಿ ಒಂದು ಮೆಟ್ಟಿಲು ಗೇಣುದ್ದ, ಮುಂದಿನದು ಮೊಣಕಾಲೆತ್ತರ. ಲಯ ಸಿಕ್ಕಿತು ಅನ್ನುವಷ್ಟರಲ್ಲಿ ತಪ್ಪುತ್ತದೆ. ಅದಕ್ಕೆ ಈ ಸಲ ಎಣಿಸಿಕೊಂಡು ಹತ್ತಿದೆ. ಐವತ್ತು ಮೆಟ್ಟಿಲು, ನಿಂತುಕೊಂಡೇ ಹತ್ತು ಉಸಿರು, ಮತ್ತೆ ಐವತ್ತು. ಕೂರಲಿಲ್ಲ. ಕೂತರೆ ಏಳಲು ಮನಸ್ಸು ಬರುವುದಿಲ್ಲ, ನನ್ನ ಮಟ್ಟಿಗಂತೂ. ದಾರಿಯುದ್ದಕ್ಕೂ 500 ಮೀಟರಿಗೊಂದು ನಂಬರ್ ಕಂಬ ಇದೆ. ಏನಾದರೂ ಹೆಚ್ಚುಕಡಿಮೆಯಾದರೆ ಫೋನಿನಲ್ಲಿ ಹೇಳಬೇಕಾದ್ದು ಆ ನಂಬರನ್ನೇ. ಕತ್ತಲಲ್ಲಿ ಹಣೆಗೆ ಕಟ್ಟಿದ ಟಾರ್ಚಿನ ಬೆಳಕಿಗೆ ಕಂಬ ಸಿಕ್ಕಾಗಲೆಲ್ಲ ಒಂದು ಗುಟುಕು ನೀರು. ಈ ಸಲ ಎರಡೂವರೆ ಲೀಟರ್ ಹೊತ್ತಿದ್ದೆ.

ಮಧ್ಯೆ ದಾರಿ ಸ್ವಲ್ಪ ಸಮ ಆಗುತ್ತದೆ. ಮುಗೀತು ಅಂದುಕೊಂಡೆ. ಮೇಲೆ ನೋಡಿದರೆ ಯಾರದೋ ಟಾರ್ಚುಗಳು ಆಕಾಶದಲ್ಲಿ ಸಾಲಾಗಿ ಹೋಗುತ್ತಿವೆ. ಕೊನೆಯ ಏರು ಅದು.

ತುದಿಯಲ್ಲಿ ಸೂರ್ಯ ಸಿಕ್ಕನೇ? ಇಲ್ಲ. ಕಡಲಿನಿಂದೆದ್ದ ಮೋಡ ನಮ್ಮನ್ನೆಲ್ಲ ಮುಚ್ಚಿಬಿಟ್ಟಿತು. ಬೆವರಿನಲ್ಲಿ ನೆಂದ ಅಂಗಿ, ಮೇಲೆ ಗಾಳಿ. ಹಲ್ಲು ಕಟಕಟ ಅನ್ನತೊಡಗಿತು. ಒಣ ಅಂಗಿಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದೇ ಆ ದಿನ ನಾನು ಮಾಡಿದ ಬುದ್ಧಿವಂತಿಕೆ. ಕಲ್ಲಿನ ಸಣ್ಣ ಆಸರೆಯ ಪಕ್ಕ ಮುದುಡಿ ಕೂತು ಚಪಾತಿ, ಚಟ್ನಿಪುಡಿ ತಿಂದೆ. ಖಾಲಿ ಪೊಟ್ಟಣ ಚೀಲಕ್ಕೇ ಹೋಯಿತು. 2017ರಲ್ಲೇ ಚಾರಣದ ದಾರಿಗಳಿಂದ ಕಸದ ತೊಟ್ಟಿಗಳನ್ನು ತೆಗೆದುಬಿಟ್ಟಿದ್ದಾರೆ. ತಂದವರೇ ಒಯ್ಯಬೇಕು.

ಏಳೂವರೆ ಹೊತ್ತಿಗೆ ಮೋಡ ಹರಿಯಿತು, ಒಂದು ಐದು ನಿಮಿಷ. ಒಂದು ಕಡೆ ವಿಮಾನ ನಿಲ್ದಾಣದ ರನ್‌ವೇಗಳು, ಅದರಾಚೆ ಝುಹಾಯ್, ಮಕಾವ್ ಕಡೆಗೆ ಕಡಲ ಮೇಲೆ ಗೆರೆ ಎಳೆದಂತೆ ಸೇತುವೆ. ಎದುರಿಗೆ 869 ಮೀಟರಿನ ಸನ್‌ಸೆಟ್ ಪೀಕ್, ಮೈತುಂಬ ಬೆಳ್ಳಿ ಬಣ್ಣದ ಹುಲ್ಲು. ಮತ್ತೆ ಮುಚ್ಚಿಕೊಂಡಿತು.

ಇಳಿದದ್ದು ಬೆಟ್ಟದ ಇನ್ನೊಂದು ಬದಿಗೆ, ದೊಡ್ಡ ಬುದ್ಧ ಇರುವ ನೊಂಗ್ ಪಿಂಗ್ ಕಡೆಗೆ. ಆ ಬದಿ ಇನ್ನೂ ಕಡಿದು. ನಿಜವಾದ ಕಷ್ಟ ಇಲ್ಲೇ. ಹತ್ತುವಾಗ ಉಸಿರು ಹೋಗುತ್ತದೆ, ನಿಂತರೆ ವಾಪಸ್ ಬರುತ್ತದೆ. ಇಳಿಯುವಾಗ ಮಂಡಿ ಹೋಗುತ್ತದೆ, ಅದು ನಿಂತರೂ ಬರುವುದಿಲ್ಲ. ಊರುಗೋಲು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅಡ್ಡಡ್ಡ ಹೆಜ್ಜೆ ಹಾಕುತ್ತ, ಏಡಿಯ ಹಾಗೆ ಇಳಿದೆ.

ಕೆಳಗೆ 38 ಮರದ ಕಂಬಗಳು ನಿಂತಿವೆ, ಮೇಲೆ ಬೌದ್ಧರ ಹೃದಯ ಸೂತ್ರ ಕೆತ್ತಿದ್ದಾರೆ. ಅದರಲ್ಲಿ ಒಂದು ಕಂಬ ಮಾತ್ರ ಖಾಲಿ, ಶೂನ್ಯದ ಗುರುತಿಗೆ. ಅದನ್ನು ಹುಡುಕಿ, ಅದರ ಹತ್ತಿರವೇ ಶೂ ಬಿಚ್ಚಿ ಹತ್ತು ನಿಮಿಷ ಕೂತೆ. ಆಮೇಲೆ ಪೋ ಲಿನ್ ಮಠದ ಅಂಗಳದಲ್ಲಿ ಬೆಲ್ಲದ ಪಾಕದಂಥ ಸಿಹಿ ನೀರಿನಲ್ಲಿ ತೇಲಿಸಿದ ಮೆತ್ತನೆಯ ತೋಫು ತಿಂದೆ. ಎದುರಿಗೇ ಕಂಚಿನ ದೊಡ್ಡ ಬುದ್ಧ. ಅಲ್ಲಿಗೆ 268 ಮೆಟ್ಟಿಲು.

ಕೆಳಗಿನಿಂದಲೇ ಕೈಮುಗಿದು 23ನೇ ನಂಬರ್ ಬಸ್ಸು ಹತ್ತಿದೆ.